ಬಣ್ಣದ ಕಡಲ ಗೊಂಡೆಹುಳು: ಫೋಟೋ ಒಂದೇ ಸಾಕಾ?

ಕಡಲ ಗೊಂಡೆಹುಳು ಅಂದರೆ ಚಿಪ್ಪಿಲ್ಲದ, ಬಸವನಹುಳುವಿನ ಬಂಧು. ಇದರ ಫೋಟೋದಲ್ಲಿ ಬಣ್ಣ ನೋಡಿಯೇ ಹೊಸ ಜಾತಿ ಅಂತ ಹೇಳಬಹುದಾ ಅಂತ ಕೇಳಿದ್ದೀರಿ. ಬಣ್ಣ ಸುಳಿವು ಕೊಡುತ್ತದೆ, ಆದರೆ ಅದೊಂದೇ ಸಾಲದು.

ಹರ್ಮಿಸೆಂಡಾ ಅನ್ನುವ ಗೊಂಡೆಹುಳು ನೋಡಿ. ಉತ್ತರ ಪೆಸಿಫಿಕ್‌ನ ತಣ್ಣೀರಿನ ಹುಳು. ತಲೆಯ ಮೇಲೆ ಕಿತ್ತಳೆ ಪಟ್ಟಿ, ಅದರ ಅಂಚಿಗೆ ಹೊಳೆಯುವ ನೀಲಿ ಗೆರೆ, ಬೆನ್ನ ತುಂಬ ಬೆರಳಿನಂಥ ಚಾಚುಗಳು. ಎಷ್ಟು ನೋಡಿದರೂ ಸಾಲದು! ಜಪಾನಿನಿಂದ ಕ್ಯಾಲಿಫೋರ್ನಿಯಾವರೆಗೆ ಇದೆಲ್ಲ ಒಂದೇ ಜಾತಿ ಅಂದುಕೊಂಡಿದ್ದರು. 2016ರಲ್ಲಿ ಲಿಂಡ್ಸೆ ಮತ್ತು ವಾಲ್ಡೆಸ್ ಎಂಬ ವಿಜ್ಞಾನಿಗಳು ಡಿಎನ್‌ಎ ಹೋಲಿಸಿದಾಗ ಮೂರು ಜಾತಿ ಸಿಕ್ಕವು. ಆಮೇಲೆ ಬಣ್ಣವನ್ನೂ ಹತ್ತಿರದಿಂದ ನೋಡಿದರು. ಆ ಮೂರರಲ್ಲಿ ಕ್ರಾಸಿಕಾರ್ನಿಸ್ ಅನ್ನುವ ಜಾತಿಯ ಚಾಚುಗಳ ಮೇಲೆ ಉದ್ದಕ್ಕೆ ಬಿಳಿ ಗೆರೆ ಇದೆ, ಓಪಲೆಸೆನ್ಸ್ ಅನ್ನುವ ಜಾತಿಯಲ್ಲಿ ಇಲ್ಲ. ಅಷ್ಟು ಸಣ್ಣ ವ್ಯತ್ಯಾಸ ಅಲ್ವಾ? ಹೆಸರುಗಳನ್ನೂ ಹೊಸದಾಗಿ ಕಟ್ಟಲಿಲ್ಲ, ಹಳೆಯವನ್ನೇ ಮತ್ತೆ ಬಳಕೆಗೆ ತಂದರು.

ಇನ್ನೊಂದು ವಿಷಯ. ಆಲ್ಕೊಹಾಲ್‌ನಲ್ಲಿ ಹಾಕಿಟ್ಟರೆ ಬಣ್ಣ ಮಾಸಿಹೋಗುತ್ತದೆ, ಬಿಳಚಿದ ಮುದ್ದೆ ಉಳಿಯುತ್ತದೆ. ಅದಕ್ಕೇ ಜೀವಂತವಿರುವಾಗಲೇ ಫೋಟೋ ತೆಗೆಯಬೇಕು. ಆಮೇಲೆ ಅರದಂಥ ನಾಲಿಗೆಯ ಹಲ್ಲುಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾರೆ, ಸಂತಾನದ ಅಂಗಗಳನ್ನು ಬಿಡಿಸಿ ಚಿತ್ರ ಬರೆಯುತ್ತಾರೆ. ಹೊಸ ಜಾತಿಯೇ ಆದರೆ ಒಂದು ಮಾದರಿಯನ್ನು ಮ್ಯೂಸಿಯಂನಲ್ಲಿ ಇಡುತ್ತಾರೆ. ಮುಂದೆ ಯಾರಿಗೆ ಅನುಮಾನ ಬಂದರೂ ಅದನ್ನೇ ತೆಗೆದು ನೋಡಬಹುದು.

ನಿಮ್ಮ ಫೋಟೋ ಇದ್ದರೆ ಸಿಕ್ಕ ಜಾಗ, ಆಳ, ದಿನಾಂಕ ಬರೆದಿಡಿ. ಪಕ್ಕದಿಂದ ಒಂದು, ಮೇಲಿನಿಂದ ಒಂದು ಇದ್ದರೆ ಇನ್ನೂ ಒಳ್ಳೆಯದು.