ಹೈಟೆನ್ಷನ್ ಲೈನ್ ಪಕ್ಕದ ಮನೆ ಮಾರಿಬಿಡಬೇಕಾ?

ಪ್ರಶ್ನೆ: ತುಮಕೂರಿನ ಹೊರಗೆ ಹೋದ ವರ್ಷ ಮನೆ ಕೊಂಡೆವು. ಮನೆಯಿಂದ 60 ಅಡಿ ದೂರದಲ್ಲಿ 220 ಕೆವಿ ಲೈನ್ ಹೋಗಿದೆ. ಮಳೆ ಬಂದರೆ ಜುಂಯ್ ಅಂತ ಸದ್ದು. ಮಗನಿಗೆ 4 ವರ್ಷ, ಅವನು ಮಲಗುವ ರೂಮು ಅದೇ ಕಡೆಗಿದೆ. ಇಲ್ಲಿದ್ದರೆ ಮಕ್ಕಳಿಗೆ ಬ್ಲಡ್ ಕ್ಯಾನ್ಸರ್ ಗ್ಯಾರಂಟಿ ಅಂತ ಎದುರುಮನೆಯವರು ಹೆದರಿಸಿದ್ದಾರೆ. ರೇಡಿಯೇಷನ್ ತಡೆಯುತ್ತದೆ ಅಂತ ಒಬ್ಬರು ಗೋಡೆಗೆ ಅಂಟಿಸುವ ಚಿಪ್ ಮಾರಲು ಬಂದಿದ್ದರು, 3,000 ರೂಪಾಯಿಯಂತೆ. ಅತ್ತೆಗೆ ಪೇಸ್‌ಮೇಕರ್ ಬೇರೆ ಇದೆ. ಮೇಲೊಂದು ಮಹಡಿ ಕಟ್ಟಿಸಬೇಕು ಅಂದುಕೊಂಡಿದ್ದೆವು. ಈಗ ಮನೆಯನ್ನೇ ಮಾರಿಬಿಡೋಣ ಅನ್ನಿಸುತ್ತಿದೆ.
— ಒಬ್ಬ ತಾಯಿ

ಉತ್ತರ: ಮೊದಲು ಆ ಚಿಪ್ ವಿಷಯ ಮುಗಿಸಿಬಿಡೋಣ ಅಮ್ಮ. ದುಡ್ಡು ದಂಡ. ತಂತಿಯ ಸುತ್ತ ಎರಡು ಬಗೆಯ ಕ್ಷೇತ್ರ ಇರುತ್ತದೆ. ವಿದ್ಯುತ್ ಕ್ಷೇತ್ರವನ್ನು ನಿಮ್ಮ ಮನೆಯ ಗೋಡೆಯೇ ಬಹುಪಾಲು ತಡೆಯುತ್ತದೆ. ಕಾಂತಕ್ಷೇತ್ರ ಇಟ್ಟಿಗೆ, ಕಾಂಕ್ರೀಟು ಎಲ್ಲವನ್ನೂ ದಾಟಿ ಒಳಗೆ ಬರುತ್ತದೆ, ಅದು ಅಂಗೈಯಗಲದ ಚಿಪ್ಪಿಗೆಲ್ಲ ನಿಲ್ಲುವುದಿಲ್ಲ. ಮಳೆಯಲ್ಲಿ ಕೇಳುವ ಸದ್ದು ತಂತಿಗೆ ಅಂಟಿದ ಹನಿಗಳ ಸುತ್ತ ಸ್ವಲ್ಪ ಕರೆಂಟು ಗಾಳಿಗೆ ಸೋರುವುದರಿಂದ ಬರುತ್ತದೆ. ಎಂಜಿನಿಯರುಗಳು ಇದನ್ನು ಕರೋನಾ ಅನ್ನುತ್ತಾರೆ (ಆ ಕರೋನಾ ಅಲ್ಲ, ಗಾಬರಿ ಬೇಡ).

ಕ್ಯಾನ್ಸರ್ ಮಾತು ಎದುರುಮನೆಯವರು ಹುಟ್ಟಿಸಿದ್ದಲ್ಲ. 1979ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನ್ಯಾನ್ಸಿ ವರ್ತೈಮರ್ ಮತ್ತು ಎಡ್ ಲೀಪರ್ ಎಂಬಿಬ್ಬರು ಸಂಶೋಧಕರು, ಕ್ಯಾನ್ಸರ್ ಬಂದ ಮಕ್ಕಳ ಮನೆಗಳ ಹತ್ತಿರ ದಪ್ಪ ಕರೆಂಟ್ ತಂತಿಗಳು ಜಾಸ್ತಿ ಇವೆ ಅಂತ ಬರೆದರು. ಆಮೇಲೆ ಹಲವು ದೇಶಗಳ ಲೆಕ್ಕವನ್ನು 2000ದಲ್ಲಿ ಒಟ್ಟುಗೂಡಿಸಿ ನೋಡಿದಾಗ, ಮನೆಯೊಳಗೆ ಸರಾಸರಿ 0.4 ಮೈಕ್ರೋಟೆಸ್ಲಾಗಿಂತ (ಇದು ಕಾಂತಕ್ಷೇತ್ರ ಅಳೆಯುವ ಮಾನ) ಹೆಚ್ಚು ಕಾಂತಕ್ಷೇತ್ರ ಇದ್ದ ಮಕ್ಕಳಲ್ಲಿ ರಕ್ತ ಕ್ಯಾನ್ಸರ್ ಸುಮಾರು ಎರಡು ಪಟ್ಟು ಕಂಡಿತು. ಅದಕ್ಕೇ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಕಾಂತಕ್ಷೇತ್ರವನ್ನು 2ಬಿ ಗುಂಪಿಗೆ, ಅಂದರೆ 'ಕಾರಣ ಇರಬಹುದೇನೋ' ಎಂಬ ಗುಂಪಿಗೆ ಹಾಕಿತು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ.

ಎರಡು ಪಟ್ಟು ಅಂದರೆ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಆದರೆ ಎಷ್ಟರ ಎರಡು ಪಟ್ಟು? ಬ್ರಿಟನ್‌ನಂಥ ದೇಶಗಳಲ್ಲಿ ವರ್ಷಕ್ಕೆ ಲಕ್ಷ ಮಕ್ಕಳಲ್ಲಿ ನಾಲ್ಕೈದು ಮಕ್ಕಳಿಗೆ ಈ ಕಾಯಿಲೆ ಬರುತ್ತದೆ. ತಂತಿಯೇ ಕಾರಣ ಅಂತ ಇಟ್ಟುಕೊಂಡರೂ ಅದು ಎಂಟೋ ಹತ್ತೋ ಆಗಬಹುದು, ಅಷ್ಟೇ. ಅದೂ ನಿಜವೇ ಅನ್ನುವುದರಲ್ಲಿ ನನಗೆ ಅನುಮಾನವಿದೆ. 2005ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಲೈನ್‌ನಿಂದ 200 ಮೀಟರ್ ಒಳಗೆ ಹುಟ್ಟಿದ ಮಕ್ಕಳಲ್ಲಿ ಅಪಾಯ ಹೆಚ್ಚು ಕಂಡಿತು, ಆದರೆ 600 ಮೀಟರ್‌ವರೆಗೂ ಸ್ವಲ್ಪ ಕಂಡಿತು, ಅಷ್ಟು ದೂರಕ್ಕೆ ಲೈನಿನ ಕಾಂತಕ್ಷೇತ್ರ ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ! 2014ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಈ ಹೆಚ್ಚಳ ಹಳೆಯ ದಶಕಗಳದ್ದು, 80ರ ದಶಕದಿಂದೀಚೆಗೆ ಇಲ್ಲ ಅಂತ ಗೊತ್ತಾಯಿತು. ತಂತಿ ಅಲ್ಲೇ ಇದೆ, ಕರೆಂಟೂ ಹರಿಯುತ್ತಲೇ ಇದೆ. 60ರ ದಶಕದಲ್ಲಿ ಕಾಯಿಲೆ ತಂದ ತಂತಿ ಆಮೇಲೆ ಸುಮ್ಮನಾಗುತ್ತಾ?

ಹಾಗಂತ ನಿಮ್ಮ ಮನೆಯಲ್ಲಿ 0.4 ದಾಟಿಲ್ಲ ಅಂತ ನಾನು ಹೇಳಲಾರೆ, 60 ಅಡಿ ಅಂದರೆ ಹತ್ತಿರವೇ. ಮಗನ ಮಂಚವನ್ನು ಮನೆಯ ಆಚೆ ಬದಿಗೆ ಹಾಕಿ. ಖರ್ಚಿಲ್ಲದ ಕೆಲಸ. ದೂರ ಹೋದಷ್ಟೂ ಈ ಕ್ಷೇತ್ರ ಬೇಗ ಬೇಗ ಇಳಿಯುತ್ತದೆ. ಅತ್ತೆಯವರು ಮನೆಯೊಳಗೆ ಓಡಾಡಿಕೊಂಡಿರಲಿ, ಲೈನ್ ಕೆಳಗೆ ನಿಂತು ಹರಟೆ ಹೊಡೆಯುವುದು ಬೇಡ, ಮುಂದಿನ ಸಲ ಹೃದಯದ ಡಾಕ್ಟರಿಗೆ ಈ ಲೈನಿನ ವಿಷಯ ಹೇಳಿ.

ನನಗೆ ಭಯ ಆದದ್ದು ನೀವು ಕೊನೆಯಲ್ಲಿ ಬರೆದ ಮಹಡಿಯ ಮಾತಿಗೆ. ಆ 60 ಅಡಿ ಎಲ್ಲಿಂದ ಅಳೆದಿರಿ? ಟವರ್ ನಡುವಿನಿಂದಲೋ, ಹತ್ತಿರದ ತಂತಿಯಿಂದಲೋ? 220 ಕೆವಿ ಲೈನಿಗೆ ಸಾಮಾನ್ಯವಾಗಿ ಕಟ್ಟಡ ಕಟ್ಟದ 35 ಮೀಟರ್ ಅಗಲದ ಪಟ್ಟಿ ಬಿಡುತ್ತಾರೆ, ನಡುವಿನಿಂದ ಆಚೆ 17.5, ಈಚೆ 17.5, ಅಂದರೆ 57 ಅಡಿ ಚಿಲ್ಲರೆ. ನಡುವಿನಿಂದ ಅಳೆದಿದ್ದರೆ ನೀವು ಕೂದಲೆಳೆಯಷ್ಟು ಹೊರಗಿದ್ದೀರಿ. ಆ ಕಡೆಗೆ ಬಾಲ್ಕನಿ ಚಾಚಿದರೆ ಒಳಗೆ ಬಂದುಬಿಡುತ್ತೀರಿ. ಈ ವೋಲ್ಟೇಜಿನ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೆ ಸಾಕು, ಕರೆಂಟು ಗಾಳಿಯಲ್ಲೇ ಹಾರಿ ಹೊಡೆಯುತ್ತದೆ. ಟೆರೇಸಿನಲ್ಲಿ ಕಬ್ಬಿಣದ ಸರಳು ಎತ್ತಿದವರು, ಉದ್ದನೆಯ ಪೈಪು ತಿರುಗಿಸಿದವರು, ತಂತಿಗೆ ಸಿಕ್ಕಿದ ಗಾಳಿಪಟ ಬಿಡಿಸಲು ಹೋದ ಮಕ್ಕಳು ಸತ್ತಿದ್ದನ್ನು ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ?

ಮನೆ ಮಾರಬೇಕಿಲ್ಲ. ಆದರೆ ಮಹಡಿಗೆ ಕೈ ಹಾಕುವ ಮೊದಲು ಕೆಪಿಟಿಸಿಎಲ್ (ಇಂಥ ಲೈನುಗಳನ್ನು ನೋಡಿಕೊಳ್ಳುವ ರಾಜ್ಯದ ಸಂಸ್ಥೆ) ಕಚೇರಿಗೆ ಅರ್ಜಿ ಕೊಟ್ಟು ಎಷ್ಟು ಅಂತರ ಬಿಡಬೇಕೆಂದು ಬರಹದಲ್ಲಿ ತೆಗೆದುಕೊಳ್ಳಿ. ಮೇಸ್ತ್ರಿ 'ಏನಾಗಲ್ಲ ಅಕ್ಕ' ಅಂದರೆ ಕೇಳಬೇಡಿ. ಟೆರೇಸಿನ ಬಾಗಿಲಿಗೆ ಮಗನ ಕೈಗೆ ಎಟುಕದ ಹಾಗೆ ಚಿಲಕ ಹಾಕಿಸಿ, ಇವತ್ತೇ. ಚಿಪ್ಪಿಗೆ ಎತ್ತಿಟ್ಟ ದುಡ್ಡಿನಲ್ಲಿ ಅದೂ ಆಗುತ್ತದೆ, ಬಟ್ಟೆ ಒಣಗಿಸುವ ಕಬ್ಬಿಣದ ತಂತಿ ತೆಗೆದು ನೈಲಾನ್ ಹಗ್ಗ ಕಟ್ಟುವುದೂ ಆಗುತ್ತದೆ.