ಡೆಕ್ಕಿನ ಕಂಬದ ಬುಡ ಮಣ್ಣು ಮುಟ್ಟಬಾರದು

ಪ್ರಶ್ನೆ: ಹಿತ್ತಲಲ್ಲಿ ಒಂದೂವರೆ ಅಡಿ ಎತ್ತರದ ಮರದ ಡೆಕ್ (ಕಂಬಗಳ ಮೇಲೆ ಹಲಗೆ ಹಾಸಿದ ಕಟ್ಟೆ) ಮಾಡಿಸಿ 6 ವರ್ಷವಾಯಿತು. ತೋಟದ ಸಿಲ್ವರ್ ಓಕ್ ಕೊಯ್ಸಿ ಕಂಬ ಹೂಳಿಸಿದ್ದೆವು. ಈ ಮಳೆಗಾಲದಲ್ಲಿ ಒಂದು ಮೂಲೆ ಕುಸಿದಿದೆ. 9 ಕಂಬಗಳಲ್ಲಿ 3 ಬುಡದಲ್ಲಿ ಕೊಳೆತಿವೆ. ಮೇಲಿನ ಹಲಗೆಗಳು ಗಟ್ಟಿಯಾಗಿವೆ. ಎಲ್ಲ ಬಿಚ್ಚದೆ ಕಂಬ ಮಾತ್ರ ಬದಲಿಸಬಹುದೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಖಂಡಿತ ಬದಲಿಸಬಹುದು. ಆದರೆ ಅದೇ ಗುಂಡಿಯಲ್ಲಿ ಹೊಸ ಕಂಬ ಹೂಳಿದರೆ ಅದೂ ಹಾಗೇ ಹೋಗುತ್ತದೆ. ಕೊಳೆತಿರುವುದು ಮಣ್ಣಿನ ಮಟ್ಟದಲ್ಲೇ ಅಲ್ವಾ? ಅಲ್ಲಿ ನೀರೂ ಇದೆ, ಗಾಳಿಯೂ ಇದೆ. ಮರ ತಿನ್ನುವ ಶಿಲೀಂಧ್ರಕ್ಕೆ ಎರಡೂ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕೊಡಗಿನ ಮಣ್ಣು ಒಣಗುವುದೇ ಅಪರೂಪ. ಸಿಲ್ವರ್ ಓಕ್ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲು ಒಳ್ಳೆಯ ಮರ. ಮಣ್ಣೊಳಗೆ ಅದು ತಡೆಯುವುದಿಲ್ಲ.

ಸೋಮವಾರಪೇಟೆಯ ನಮ್ಮ ಮನೆ ಹಿಂದೆ ನಾನೂ ಒಮ್ಮೆ ಕಂಬದ ಸುತ್ತ ಕಾಂಕ್ರೀಟ್ ಸುರಿದಿದ್ದೆ, ಗಟ್ಟಿ ನಿಲ್ಲಲಿ ಅಂತ. ನಾಲ್ಕೇ ಮಳೆಗಾಲ. ಕಾಂಕ್ರೀಟು ಲೋಟದ ಹಾಗೆ ನೀರು ಹಿಡಿದುಕೊಂಡಿತ್ತು. ಅಲುಗಾಡಿಸಿದರೆ ಕಂಬ ಕೈಗೇ ಬಂತು. ಬುಡವೆಲ್ಲ ಕಂದು ಬಣ್ಣ, ಚೌಕ ಚೌಕ ಬಿರುಕು, ಹಸಿ ಅಣಬೆಯ ವಾಸನೆ. ಅವತ್ತಿನಿಂದ ಒಂದು ಕಂಬವನ್ನೂ ನಾನು ಹೂಳಿಲ್ಲ. ನಮ್ಮ ಐನ್‌ಮನೆಗಳನ್ನು, ಅಂದರೆ ಕೊಡವ ಕುಟುಂಬಗಳ ಹಳೆಯ ಮೂಲ ಮನೆಗಳನ್ನು, ನೋಡಿ. ಮರದ ಕಂಬಗಳು ಎತ್ತರದ ಜಗಲಿ ಮೇಲೆ ನಿಂತಿರುತ್ತವೆ, ಮಣ್ಣಿಗೆ ಇಳಿಯುವುದಿಲ್ಲ.

ಮೊದಲು ಉಳಿದ 6 ಕಂಬಗಳನ್ನೂ, ತೊಲೆಗಳ ತುದಿಗಳನ್ನೂ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಬುಡದ ಮಣ್ಣು ಒಂದು ಗೇಣು ಬಿಡಿಸಿ ಚುಚ್ಚಿ. ಮೊನೆ ಅರ್ಧ ಇಂಚು ಸಲೀಸಾಗಿ ಇಳಿದರೆ ಆ ಕಂಬವೂ ಹೋಯಿತು ಅಂತಲೇ ಲೆಕ್ಕ. ಕೆಳಗೆ ಕೈ ಹಾಕುವ ಮುನ್ನ ಉದ್ದ ಕೋಲಿನಿಂದ ತಡಕಿ, ಟಾರ್ಚ್ ಬಿಟ್ಟು ನೋಡಿ. ಇಂಥ ತಂಪು ಜಾಗದಲ್ಲಿ ಹಾವು ಇರುತ್ತದೆ.

ಒಂದೂವರೆ ಅಡಿ ಸಂದಿಯಲ್ಲಿ ನುಸುಳಿ ಕೆಲಸ ಮಾಡುವುದು ಬೇಡ. ಕಂಬದ ಮೇಲಿನ ಎರಡು ಮೂರು ಹಲಗೆ ಬಿಚ್ಚಿ, ಸೀಮೆಸುಣ್ಣದಿಂದ ನಂಬರ್ ಹಾಕಿಟ್ಟು, ಮೇಲಿನಿಂದಲೇ ಕೆಲಸ ಮಾಡಿ. ಒಂದು ಸಲಕ್ಕೆ ಒಂದೇ ಕಂಬ. ಕಂಬದ ಪಕ್ಕ ದಪ್ಪ ಹಲಗೆ ಹಾಸಿ, ಅದರ ಮೇಲೆ ಜಾಕಿ ಇಟ್ಟು ತೊಲೆ ಎತ್ತಿ. ಕಂಬ ಸಡಿಲವಾದರೆ ಸಾಕು. ಜಾಸ್ತಿ ಎತ್ತಿದರೆ ಪಕ್ಕದ ಹಲಗೆಗಳ ಮೊಳೆ ಕೀಳುತ್ತದೆ. ಕುಸಿದ ಮೂಲೆಯನ್ನು ಸ್ವಲ್ಪ ಸ್ವಲ್ಪವಾಗಿ ಮಟ್ಟಕ್ಕೆ ತನ್ನಿ. ಜಾಕಿಯನ್ನೇ ನಂಬಬೇಡಿ, ತೊಲೆಯ ಕೆಳಗೆ ದಿಮ್ಮಿ ಪೇರಿಸಿಡಿ.

ಕೊಳೆತ ಬುಡ ಪೂರ್ತಿ ತೆಗೆದು, ಗಟ್ಟಿ ಮಣ್ಣು ಸಿಗುವವರೆಗೆ ಅಗೆದು ಕಾಂಕ್ರೀಟ್ ಹಾಕಿ. ಅದು ನೆಲದಿಂದ 6 ಇಂಚು ಮೇಲೆ ಬರಲಿ. ತಲೆ ಇಳಿಜಾರಾಗಿರಲಿ, ನೀರು ನಿಲ್ಲಬಾರದು. ಹಸಿ ಇರುವಾಗಲೇ ಬೇಗ ತುಕ್ಕು ಹಿಡಿಯದ ಜಿಐ (ಸತು ಲೇಪಿಸಿದ ಕಬ್ಬಿಣದ) ಕ್ಲಾಂಪು ಕೂರಿಸಿ, 7 ದಿನ ನೀರುಣಿಸಿ. ಕಂಬಕ್ಕೆ ತೇಗದ ಚೇಗು (ಒಳಗಿನ ಗಟ್ಟಿ ಭಾಗ) ಸಿಕ್ಕರೆ ಒಳ್ಳೆಯದು. ಹೊರಗಿನ ಬಿಳಿ ಭಾಗ ಬೇಡ, ಗೆದ್ದಲಿಗೆ ಅದೇ ಊಟ. ಕೊಯ್ದ ತುದಿಗೆ ಮರ ಕೆಡದ ಹಾಗೆ ಹಚ್ಚುವ ಎಣ್ಣೆಯನ್ನು ಎರಡು ಸಲ ಬಳಿಯಿರಿ. ಮರ ನೀರು ಹೀರುವುದು ಆ ತುದಿಯಿಂದಲೇ ಜಾಸ್ತಿ. ಕಂಬಕ್ಕೂ ಕಾಂಕ್ರೀಟಿಗೂ ನಡುವೆ ಅರ್ಧ ಇಂಚು ಸಂದಿ ಬಿಟ್ಟು ಬೋಲ್ಟು ಬಿಗಿಯಿರಿ.

ಕಾಫಿ ಕೊಯ್ಲು ಮುಗಿಸಿಕೊಂಡು ಮಾರ್ಚ್‌ನಲ್ಲಿ ಶುರು ಮಾಡಿ. ಅಲ್ಲಿಯವರೆಗೆ ಆ ಮೂಲೆಯ ಕೆಳಗೆ ಈಗಲೇ ಎರಡು ಸೈಜುಗಲ್ಲು ಪೇರಿಸಿ ಆಧಾರ ಕೊಡಿ. ಮಕ್ಕಳನ್ನು ಅತ್ತ ಬಿಡಬೇಡಿ.