ಪ್ಲಗ್ ಪದೇಪದೇ ಕಪ್ಪಾಗುವುದೇಕೆ?

ಪ್ರಶ್ನೆ: ತೋಟದ ಹುಲ್ಲು ಸವರಲು ಬಳಸುವ ನಮ್ಮ ಟೂ ಸ್ಟ್ರೋಕ್ ಕಳೆ ಯಂತ್ರ ಬೆಳಿಗ್ಗೆ ಸುಲಭವಾಗಿ ಚಾಲೂ ಆಗಿ, ಅರ್ಧ ಗಂಟೆಯಲ್ಲಿ ಮುಗ್ಗರಿಸಿ ನಿಲ್ಲುತ್ತದೆ. ಬಿಚ್ಚಿ ನೋಡಿದರೆ ಎಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಕಪ್ಪಗೆ, ಜಿಡ್ಡಾಗಿರುತ್ತದೆ. ಈ ಮಳೆಗಾಲದಲ್ಲಿ ಮೂರು ಪ್ಲಗ್ ಬದಲಾಯಿಸಿದ್ದೇನೆ. ಅಂಗಡಿಯಲ್ಲಿ ಕಳಪೆ ಪ್ಲಗ್ ಸಿಗುತ್ತಿದೆಯೇ?
– ಅಡಿಕೆ ಬೆಳೆಗಾರರು, ಶಿರಸಿ ತಾಲ್ಲೂಕು

ಉತ್ತರ: ಮೂರೂ ಒಂದೇ ಬಗೆಯಲ್ಲಿ ಕೆಟ್ಟಿರುವುದರಿಂದ ಅಂಗಡಿಯವರನ್ನು ಅನುಮಾನಿಸಬೇಕಾಗಿಲ್ಲ. ಸರಿಯಾಗಿ ಉರಿಯುವ ಎಂಜಿನ್ನಿನಲ್ಲಿ ಪ್ಲಗ್ಗಿನ ತುದಿ ತಿಳಿಗಂದು ಬಣ್ಣಕ್ಕಿರುತ್ತದೆ. ಒಣ ಮಸಿ ಕಟ್ಟಿದ್ದರೆ ಗಾಳಿ ಸಾಲದೆ ಪೆಟ್ರೋಲ್ ಹೆಚ್ಚಾಗಿದೆ ಎಂದೂ, ಬಿಳಿಚಿಕೊಂಡಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ ಎಂದೂ, ನಿಮ್ಮದರಂತೆ ಮಸಿಯ ಜೊತೆಗೆ ಜಿಡ್ಡೂ ಇದ್ದರೆ ಬಹುಮಟ್ಟಿಗೆ ಆಯಿಲ್ ಹೆಚ್ಚಾಗಿದೆ ಎಂದೂ ತಿಳಿಯಬೇಕು.

ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕಬೇಕಾಗುತ್ತದೆ. ಆದ್ದರಿಂದ ಅದನ್ನು ಬೆರೆಸುವವರು ಯಾರು, ಹೇಗೆ ಅಳೆಯುತ್ತಾರೆ ಎಂಬುದನ್ನು ಮೊದಲು ವಿಚಾರಿಸಿ. ಯಂತ್ರದ ಕೈಪಿಡಿಯಲ್ಲಿ 50:1 (50 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್) ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. ಆಯಿಲ್ ಬೇಕು. ‘ಒಂದಿಷ್ಟು ಜಾಸ್ತಿಯಾದರೆ ಎಂಜಿನ್ನಿಗೆ ಒಳ್ಳೆಯದೇ’ ಎಂದು ಕಣ್ಣಂದಾಜಿನಲ್ಲಿ ಸುರಿಯುವ ರೂಢಿ ಅನೇಕ ತೋಟಗಳಲ್ಲಿದೆ. ಔಷಧಿ ಅಂಗಡಿಯ 20 ಮಿ.ಲೀ. ಸಿರಿಂಜ್ ಒಂದನ್ನು ಇದಕ್ಕೆಂದೇ ಇಟ್ಟುಕೊಂಡರೆ ಈ ತಕರಾರು ತಪ್ಪುತ್ತದೆ. ಹುಲ್ಲಿನ ಪುಡಿ ತುಂಬಿದ ಏರ್ ಫಿಲ್ಟರ್, ಪೂರ್ತಿ ತೆರೆಯದ ಚೋಕ್ (ಚಾಲೂ ಮಾಡುವಾಗ ಗಾಳಿ ತಗ್ಗಿಸುವ ಮುಚ್ಚಳ), ಪೆಟ್ರೋಲ್ ಉಳಿಸಲೆಂದು ಸದಾ ನಿಧಾನ ವೇಗದಲ್ಲಿ ಓಡಿಸುವುದು, ಇವೂ ಮಸಿಯನ್ನು ಹೆಚ್ಚಿಸುತ್ತವೆ.

ಎಂಜಿನ್ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು ಬ್ರಷ್‌ನಿಂದ ಉಜ್ಜಿ ಒಣಗಿಸಿ, ತುದಿಯ ಅಂತರವನ್ನು ಕೈಪಿಡಿಯಲ್ಲಿರುವಷ್ಟಕ್ಕೆ, ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ.ಗೆ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಇಟ್ಟು ಹೊಂದಿಸಿ. ಮತ್ತೆ ಕೂರಿಸುವಾಗ ಮೊದಲ ಸುತ್ತುಗಳನ್ನು ಬೆರಳಿನಲ್ಲೇ ತಿರುಗಿಸಬೇಕು. ಪಾನಾ ಹಾಕಿ ಅಡ್ಡಡ್ಡ ಬಿಗಿದರೆ ಅಲ್ಯೂಮಿನಿಯಂ ಸಿಲಿಂಡರಿನ ಮರೆ (ಪ್ಲಗ್ ತಿರುಗಿ ಕೂರುವ ಸುತ್ತುಗೆರೆ) ಹಾಳಾಗಿ, ಪ್ಲಗ್ಗಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚಿನ ಖರ್ಚು ಬೀಳುತ್ತದೆ.

ಇಷ್ಟಾದ ಬಳಿಕ ಪ್ಲಗ್ಗಿನ ಬಣ್ಣ ತಿಳಿಯಾಗಿಯೂ ಯಂತ್ರ ಕಾದಾಗ ನಿಲ್ಲುತ್ತಿದ್ದರೆ, ನಿಂತ ಕೂಡಲೇ ಕಿಡಿ ಪರೀಕ್ಷಿಸಬೇಕು. ಹೊಸದೊಂದು ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಸಿಲಿಂಡರಿಗೆ ತಾಗಿಸಿ, ಪೆಟ್ರೋಲ್ ಕ್ಯಾನನ್ನು ದೂರವಿಟ್ಟು ಹಗ್ಗ ಎಳೆಯಿರಿ. ತಣ್ಣಗಿದ್ದಾಗ ಬರುವ ನೀಲಿ ಕಿಡಿ ಬಿಸಿಯಲ್ಲಿ ಬಾರದಿದ್ದರೆ ಪ್ಲಗ್ಗಿಗೆ ವಿದ್ಯುತ್ ಒದಗಿಸುವ ಇಗ್ನಿಷನ್ ಕಾಯಿಲ್ ಸೋತಿರುವ ಸಂಭವವೇ ಹೆಚ್ಚು. ಅದನ್ನು ಮೆಕ್ಯಾನಿಕ್ ಬದಲಾಯಿಸಬೇಕಾಗುತ್ತದೆ.

ಪ್ರಶ್ನೆ: ಹುಲ್ಲುಹಾಸು ಕತ್ತರಿಸುವ ಯಂತ್ರಕ್ಕೆ ಹಳೆಯ ಸ್ಕೂಟರಿನ ಪ್ಲಗ್ ಹಾಕಬಹುದೇ?
– ಓದುಗರು, ಮೈಸೂರು

ಉತ್ತರ: ಮರೆ ಹೊಂದಿದರೂ ಹಾಕಬೇಡಿ. ಮರೆಯ ಉದ್ದ ಹೆಚ್ಚಿದ್ದರೆ ತುದಿ ಪಿಸ್ಟನ್ನಿಗೆ ಬಡಿಯಬಹುದು. ಹುಲ್ಲಿನ ಯಂತ್ರದಲ್ಲೇ ಇದ್ದ ಪ್ಲಗ್ಗಿನ ಮೇಲಿರುವ ಸಂಖ್ಯೆಯನ್ನು ಅಂಗಡಿಯಲ್ಲಿ ತೋರಿಸಿ, ಅದೇ ಸಂಖ್ಯೆಯದನ್ನು ಕೊಳ್ಳಿರಿ.